ಚಿಗರಿ ಕಾಯ್ದ ತಪಕೀರು

ಮುಪ್ಪಿನಲ್ಲಿ ವೈರಾಗ್ಯ ಬಂದು ಅಜ್ಜ ತಪಕೀರು ಬಿಟ್ಟ ಎಂದು ಮೂಡಲಗಿಯ ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನಶ್ಯ ಬಿಡಿಸುವಂಥ ವೈರಾಗ್ಯ ಯಾವ ದಿನ ಬಂತು, ಕಂಡವರು ಯಾರು ಎಂದರೆ ಉತ್ತರವಿಲ್ಲ. ನಾನು ಮಾತ್ರ ಒಂದು ಬಾಟಲಿಯನ್ನು ಸಾಕ್ಷಿಗೆ ಕರೆಯುತ್ತೇನೆ.

ಅಂಗೈಯಲ್ಲಿ ಅಡಗುವ ಹಸಿರು ಕಲ್ಲಿನ ಚೀನೀ ನಶ್ಯದ ಬಾಟಲಿ ಅದು. ಮುಚ್ಚಳಕ್ಕೇ ಅಂಟಿದ ಪುಟ್ಟ ಚಮಚ. ಮುತ್ತಜ್ಜ ಬೆಲ್ಲ ಮಾರಲು ಹೋದಾಗ ಮುಂಬೈಯಿಂದ ತಂದದ್ದು. ಅಜ್ಜ ದಿನಕ್ಕೆ ಇಪ್ಪತ್ತು ಸಲ ಅದರಿಂದ ಏರಿಸಿ ಓಣಿಗೆಲ್ಲ ಕೇಳುವಂತೆ ಸೀನುತ್ತಿದ್ದ. ತಗಡಿನ ಡಬ್ಬಿಯ ತಪಕೀರು ಅವನ ಮೂಗಿಗೆ ಒಗ್ಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ಒಗೆಯಲು ಹಾಕಿದ ಅಂಗಿಯ ಕಿಸೆಯಲ್ಲಿ ಅಜ್ಜಿಗೆ, ಅಂದರೆ ನಮ್ಮ ಆಯಿಗೆ, ಬಾಟಲಿ ಸಿಕ್ಕಿತು. ತಿಕ್ಕಿದಳು. ಜಿಡ್ಡಿನಡಿಯಿಂದ ಕೆತ್ತಿದ ಜಿಂಕೆಯೊಂದು, ನಮ್ಮ ಮಾತಿನ ಚಿಗರಿ, ಎದ್ದುಬಂತು. ನಾವು ಜೈನರು, ಬಸದಿಯ ಮೂರ್ತಿ ಯಾವ ತೀರ್ಥಂಕರರದೆಂದು ತಿಳಿಯಲು ಮುಖ ನೋಡುವುದಿಲ್ಲ, ಪೀಠದ ಮೇಲಿನ ಲಾಂಛನ ನೋಡುತ್ತೇವೆ. ಜಿಂಕೆಯೆಂದರೆ ಶಾಂತಿನಾಥ. ಬಾಟಲಿ ನೇರ ದೇವರ ಗೂಡು ಸೇರಿತು. ಸ್ನಾನ ಮಾಡದವರು ಆ ಗೂಡಿನ ಹತ್ತಿರ ಸುಳಿಯುವಂತಿಲ್ಲ. ಒಳಗಿನ ತಪಕೀರು ಚೆಲ್ಲಿದಳೋ ಇಲ್ಲವೋ, ಯಾರೂ ಕೇಳಲಿಲ್ಲ.

ಅಜ್ಜ ನನ್ನನ್ನು ವಕೀಲಿಗೆ ಹಿಡಿದ. ಹುಕ್ಕೇರಿಯ ಚರ್ಚಾಸ್ಪರ್ಧೆಯಲ್ಲಿ ಆಗಷ್ಟೇ ಕಪ್ ಗೆದ್ದಿದ್ದೆ. ಗೋಕಾಕದ ಕಾಲೇಜಿನ ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದನ್ನು ತಿರುವಿಹಾಕಿ ಬಂದು ವಾದ ಮಂಡಿಸಿದೆ.

“ಆಯಿ, ಚೀನಾದಾಗ ಚಿಗರಿ ಅಂದ್ರ ದೊಡ್ಡ ನೌಕರಿ, ದೊಡ್ಡ ಪಗಾರ. ಬಾಜೂಕ ತೊಗಲಬಾವಲಿ ಐತಿ ನೋಡು, ಅದು ಭಾಗ್ಯದ ಗುರ್ತು. ಶಾಂತಿನಾಥಗೂ ಇದಕ್ಕೂ ಸಂಬಂಧ ಇಲ್ಲ.”

ಆಯಿ ಹೂಬತ್ತಿ ಹೊಸೆಯುತ್ತಲೇ ಕೇಳಿದಳು: “ಖರೆ? ಹಂಗಾರ ನಾಳೆ ಒಂದು ತೊಗಲಬಾವಲಿ ಹಿಡಕೊಂಡು ಬಾ, ತಲಬಾಗಿಲಿಗೆ ಕಟ್ಟೂಣು.”

ನಾನು ಕೇಸು ಸೋತೆ. ಈ ಬಾಯಿಗೆ ಕಪ್ ಕೊಟ್ಟವರು ಯಾರೆಂದು ಅಜ್ಜ ವಾರಗಟ್ಟಲೆ ವಿಚಾರಿಸಿದ.

ಆಮೇಲೆ ಅವನೇ ದಾರಿ ಹುಡುಕಿಕೊಂಡ. ಬೈದರೂ ಬಚ್ಚಲಿಗೆ ಹೋಗದಿದ್ದವನು ನಸುಕಿನಲ್ಲೇ ಮಿಂದು, ಗೂಡಿನೆದುರು ಕಣ್ಣುಮುಚ್ಚಿ, ಅಂಗೈಯಿಂದ ಮುಖ ಮರೆಮಾಡಿ ಕೂರತೊಡಗಿದ. ಕೊನೆಗೊಂದು ಸೀನು. ಮನೆಮಂದಿ ಅದನ್ನು ಭಕ್ತಿಯೆಂದರು. ಊದಿನಕಡ್ಡಿಯ ಹೊಗೆ ಮೂಗಿಗೆ ಹೊಕ್ಕಿದ್ದೀತು ಎಂದರು.

ಇಪ್ಪತ್ತು ಸೀನು ಒಂದಕ್ಕಿಳಿದದ್ದು ಖರೆ. ಆದರೂ ಅಷ್ಟು ಸಣ್ಣ ಬಾಟಲಿ ಎರಡು ತಿಂಗಳಿಗಾದರೂ ಬರಿದಾಗಬೇಕಿತ್ತು. ವರ್ಷ ಕಳೆದರೂ ಸೀನು ನಿಲ್ಲಲಿಲ್ಲ. ಮೊಣಕಾಲು ನೋವಿನ ಅಜ್ಜ ಪೇಟೆಗೆ ಹೋಗುತ್ತಿರಲಿಲ್ಲ. ಕೇಳಿದರೆ, ದೇವರ ಮಹಿಮೆ ಎನ್ನುತ್ತಿದ್ದ. ಗೂಡು ಒರೆಸುವವಳು ಮನೆಯಲ್ಲಿ ಒಬ್ಬಳೇ. ಒಂದು ಮುಂಜಾನೆ ಅವಳ ಬೆನ್ನ ಹಿಂದೆ ನಿಂತು ಕೇಳಿದೆ:

“ಆಯಿ, ಆ ಬಾಟಲಿ ತುಂಬೋರು ಯಾರು?”

“ಚಿಗರಿ,” ಅಂದಳು ಆಯಿ, ಬೆರಳಿಗಂಟಿದ ತಪಕೀರನ್ನು ಸೆರಗಿಗೆ ಒರೆಸಿಕೊಳ್ಳುತ್ತ.