ಕಾಗೆ ಇಳಿಯದ ತಾರಸಿ

ಬೆಂಗಳೂರಿನ ಮೊದಲ ಬೆಳಿಗ್ಗೆ ರೇಡಿಯೊ ಹಚ್ಚಿದರೆ ಬರೀ ಗುಂಯ್ ಅನ್ನುವ ಸದ್ದು. ಮನುಷ್ಯರ ದನಿಯೇ ಇಲ್ಲ! ಸೆಟ್ಟೇ ಕೆಟ್ಟಿತೇನೋ ಅಂತ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅದು ಈ ಊರಿನದೇ ಗದ್ದಲ: ಮನೆಮನೆಯ ಎಲ್‌ಇಡಿ ಬಲ್ಬು, ಚಾರ್ಜರು, ಯುಪಿಎಸ್ಸು ರೇಡಿಯೊದೊಳಗೆ ತೂರಿಸುವ ಸದ್ದು. ಇಳಕಲ್ಲಿನಲ್ಲಿ ಕರೆಂಟು ಹೋದರೆ ಓಣಿಯೆಲ್ಲ ಬೈಯುತ್ತಿತ್ತು, ನಾನೊಬ್ಬಳು ಹಿಗ್ಗುತ್ತಿದ್ದೆ. ಬ್ಯಾಟರಿ ಮೇಲೆ ದೂರದ ದನಿಗಳು ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುತ್ತಿದ್ದವು. ಇಲ್ಲಿ ಕರೆಂಟು ಹೋದರೂ ಯುಪಿಎಸ್ಸು ಬಿಡುವುದಿಲ್ಲ.

ನನ್ನದು ಹ್ಯಾಮ್ ರೇಡಿಯೊ ಹುಚ್ಚು. ಪರೀಕ್ಷೆ ಬರೆದು ಲೈಸೆನ್ಸು ಪಡೆದವರು ಟವರು, ಇಂಟರ್ನೆಟ್ಟು ಯಾವುದರ ಹಂಗೂ ಇಲ್ಲದೆ ಮನೆಯಿಂದಲೇ ಮಾತಾಡುವ ಹವ್ಯಾಸ ಅದು. ನನಗೆ ಕಲಿಸಿದವರು ನಮ್ಮೂರಿನ ಟೀಚರು ಶಾಂತಕ್ಕ. ದಿನಾ ಬೆಳಿಗ್ಗೆ ನಾಲ್ಕಾರು ಮಂದಿ ಒಂದೇ ಅಲೆಯ ಮೇಲೆ ಸೇರುತ್ತೇವೆ. ಅದಕ್ಕೆ 'ನೆಟ್' ಅನ್ನುತ್ತೇವೆ. ಜಯನಗರದ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿ ಒಬ್ಬಳೇ ಬಂದವಳಿಗೆ, ಆ ನೆಟ್ಟಿನಲ್ಲಿ ಶಾಂತಕ್ಕ "ಚಾ ಆತೇನವಾ?" ಅಂದರೆ ಸಾಕು, ಇಡೀ ದಿನ ದೂಡಬಹುದು.

ಇಲ್ಲಿನ ಹ್ಯಾಮ್‌ಗಳೂ ಸಿಕ್ಕರು. ಭಾನುವಾರ ಜಯನಗರದ ಫೋರ್ತ್ ಬ್ಲಾಕಿನಲ್ಲಿ ಬೈಟು ಕಾಫಿ ಕುಡಿಯುತ್ತ ನಿಂತರೆ ಒಬ್ಬೊಬ್ಬರದು ಒಂದೊಂದು ಖಯಾಲಿ! ಜೆ.ಪಿ. ನಗರದ ರಿಟೈರ್ಡ್ ಸಾರ್ ಬಾಯಿಬಿಟ್ಟು ಮಾತೇ ಆಡುವುದಿಲ್ಲ, ಎಲ್ಲ ಟಿಕ್‌ಟಿಕ್ ಮೋರ್ಸ್ ಸಂಕೇತದಲ್ಲೇ. ಇನ್ನೊಬ್ಬರು ಮಾತಾಡಿದ ಪ್ರತಿ ದೇಶದಿಂದಲೂ ಕಾರ್ಡು ತರಿಸಿ ಗೋಡೆಗೆ ಅಂಟಿಸುತ್ತಾರೆ. ಕೆಲವರು ಪಾರ್ಕಿನ ಪೊದೆಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಬಚ್ಚಿಟ್ಟು, ಅದರ ಸದ್ದಿನ ಜಾಡು ಹಿಡಿದು ಹುಡುಕಾಡುತ್ತಾರೆ. ಬಿಟಿಎಂನ ಹುಡುಗಿಯೊಬ್ಬಳು ಉಪಗ್ರಹ ಹಿಡಿಯಲು ಆಕಾಶಕ್ಕೆ ಆಂಟೆನಾ ತೋರಿಸುತ್ತ ನಿಂತಿದ್ದಾಗ ವಾಕಿಂಗ್ ಬಂದ ಅಂಕಲ್ ಕೇಳಿದರಂತೆ: "ಯಾಕಮ್ಮ, ನೆಟ್‌ವರ್ಕ್ ಸಿಗ್ತಿಲ್ವಾ?" ನಕ್ಕೂ ನಕ್ಕೂ ಸಾಕಾಯಿತು. ನನಗೆ ಮಾತ್ರ ಉಪಗ್ರಹವೂ ಬೇಡ, ಪರದೇಶವೂ ಬೇಡ. ಇಳಕಲ್ಲು ಕೇಳಿದರೆ ಆಯಿತು.

ಆಂಟೆನಾದ ತಂತಿಯನ್ನು ತಾರಸಿಗೆ ಏರಿಸಿದರೆ ಗದ್ದಲ ತಗ್ಗುತ್ತದೆ ಅಂದರು ಆ ಹ್ಯಾಮ್‌ಗಳು. ಚಿಕ್ಕಲಸಂದ್ರದಲ್ಲಿ ನಾನಿರುವುದು ಬಾಡಿಗೆಯ ಮೇಲ್ಮಹಡಿ; ಕೆಳಗಿರುವ ಓನರ್ ರಾಮಣ್ಣ "ಕಟ್ಕೊಳಿ ಮೇಡಂ" ಅಂದರು. ನೀರಿನ ಟ್ಯಾಂಕಿನಿಂದ ಮೂಲೆಯ ಕಂಬಕ್ಕೆ ಎಳೆದೆ. ಬಟ್ಟೆ ಒಣಹಾಕಲು ಬಂದವರ ಕುತ್ತಿಗೆಗೆ ಸಿಕ್ಕೀತೆಂದು ಉದ್ದಕ್ಕೂ ಮಿರಿಮಿರಿ ಮಿಂಚುವ ಪಟ್ಟಿ ಕಟ್ಟಿದೆ. ನನ್ನ ಜಾಣತನಕ್ಕೆ ನಾನೇ ಭೇಷ್ ಅಂದುಕೊಂಡೆ! ಮರುದಿನ ಶಾಂತಕ್ಕನ ದನಿ ಕೇಳಿತು, ಕಣ್ಣು ತುಂಬಿತು.

ಮಹಾಲಯ ಅಮಾವಾಸ್ಯೆ ಬಂತು. ಇಲ್ಲಿನ ಹಳೇ ಮನೆತನಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ, ಅಂದರೆ ತೀರಿಕೊಂಡವರು ಇಷ್ಟಪಟ್ಟದ್ದನ್ನೆಲ್ಲ ಎಲೆಗೆ ಬಡಿಸುವುದು. ರಾಮಣ್ಣನ ತಾಯಿ ಮುನಿಯಮ್ಮಜ್ಜಿ ಗಂಡನಿಗಾಗಿ ಕಜ್ಜಾಯ, ವಡೆ, ಮಟನ್ ಸಾರು, ಜೊತೆಗೊಂದು ಕಟ್ಟು ಬೀಡಿಯನ್ನೂ ಇಟ್ಟಿದ್ದರು. ಒಂದು ಪಾಲನ್ನು ತಾರಸಿಯಲ್ಲಿಟ್ಟು "ಕಾ ಕಾ" ಅಂತ ಕರೆದರು. ಕಾಗೆಗಳು ಎದುರು ಮನೆಯ ಮೇಲೆ ಕೂತು ನೋಡಿದವೇ ಹೊರತು ಒಂದೂ ಇಳಿಯಲಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಬಿಸಿಲು ಏರಿತು.

"ನನ್ ಮೇಲೆ ಏನ್ ಕ್ವಾಪನೋ ಅವ್ರಿಗೆ," ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ತಲೆಯೆತ್ತಿ ತಂತಿಯ ಮೇಲೆ ಮಿಂಚುವ ಪಟ್ಟಿ ನೋಡಿದರು. "ಅಯ್ಯೋ ನಿನ್ನ! ಇಲ್ಲೆಲ್ಲ ನಮ್ ರಾಗಿ ಹೊಲ ಇದ್ದಾಗ ಹಕ್ಕಿ ಓಡ್ಸಕ್ಕೆ ಹಿಂಗೇ ಕಟ್ತಿದ್ವಿ ಕಣಮ್ಮ!"

ರಾಮಣ್ಣನ ಮುಖ ಕೆಂಪಾಯಿತು. "ಮೇಡಂ, ಈಗ್ಲೇ ಬಿಚ್ಚಿ. ಇನ್ಮೇಲೆ ಕಟ್ಲೇಬೇಡಿ."

ಬಿಚ್ಚಿದೆ. ತಂತಿ ಸುತ್ತಿಟ್ಟೆ. ಇನ್ನು ಬೆಳಿಗ್ಗೆ ನನ್ನನ್ನು ಯಾರು ಕರೆಯುತ್ತಾರೆ ಅನ್ನುವುದೊಂದೇ ಸಂಕಟ. ಮೆಟ್ಟಿಲಿನ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಮೊದಲು ಒಂದು ಕಾಗೆ, ಹಿಂದೆಯೇ ಇನ್ನೊಂದು. ಕಜ್ಜಾಯ ಕಚ್ಚಿಕೊಂಡು ಹಾರಿದವು. "ಬಂದ್ರು," ಅಂದರು ಅಜ್ಜಿ. ಕೆಳಗೆ ನನಗೂ ಎಲೆ ಹಾಕಿದರು.

ಮರುದಿನ ಬೆಳಿಗ್ಗೆ ನನಗೆ ನೆಟ್ಟಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದರೆ ಅಜ್ಜಿ ಉಳಿದ ಕಜ್ಜಾಯ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಆ ತಂತೀಲಿ ನಿಮ್ಮೂರೋರು ಮಾತಾಡ್ತಾರಂತೆ?"

"ಹೌದ್ರಿ ಅಜ್ಜಿ. ದಿನಾ."

ಅಜ್ಜಿ ಕಜ್ಜಾಯ ನನ್ನ ಕೈಗಿಟ್ಟರು. "ನಮ್ಮೋರು ವರ್ಸಕ್ಕೊಂದ್ ದಿನ ಬತ್ತಾರೆ. ಅದುಕ್ಕೇ ನಾನು ಅಷ್ಟು ಕಾಯ್ತೀನಿ. ನಿನ್ನೋರು ದಿನಾ ಬರೋರು, ಕಾಯ್ಸಬ್ಯಾಡ. ಕಟ್ಕೊ ಹೋಗು. ಆ ಮಿಂಚೋದ್ ಮಾತ್ರ ಬ್ಯಾಡ. ರಾಮಂಗೆ ನಾನ್ ಹೇಳ್ತೀನಿ."

ಆ ಸಂಜೆಯೇ ಪಟ್ಟಿ ತೆಗೆದು, ಯಾರ ಕುತ್ತಿಗೆಗೂ ಸಿಗದಷ್ಟು ಎತ್ತರಕ್ಕೆ ತಂತಿ ಕಟ್ಟಿದೆ. ಮಾರನೆಯ ಬೆಳಿಗ್ಗೆ ಶಾಂತಕ್ಕನ ದನಿ ಗಾಬರಿಯಲ್ಲಿತ್ತು. "ಯಾಕವಾ, ನಿನ್ನೆ ದನಿನ ಇಲ್ಲ? ಆರಾಮ ಅದಿ ಇಲ್ಲೋ?"

"ಆರಾಮ ಅದೀನ್ರಿ ಅಕ್ಕಾ. ಮನ್ಯಾಗ ಹಬ್ಬ ಇತ್ತು."

"ಮನ್ಯಾಗ? ಅಂದ್ರ ಊರಿಗೆ ಬಂದಿದ್ದಿ ಏನು? ಬಂದು ನಮ್ಮ ಮನಿಗೆ ಕಾಲಿಡದಽ ಹೋದ್ಯಾ?"

ಉತ್ತರಕ್ಕೆಂದು ಮೈಕಿನ ಗುಂಡಿ ಒತ್ತಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಕೆಳಗಿನಿಂದ ಅಜ್ಜಿ ಕಾಫಿಗೆ ಕೂಗಿದ್ದು ಇಳಕಲ್ಲಿನವರೆಗೂ ಹೋಯಿತು.