ಬಾಬುಸಾಬರ ಶೋಕದ ಆಲ್ಬಮ್

ಹಡಗಲಿಯಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಮಲ್ಲಿಗೆ ಬುಟ್ಟಿಗಳ ಪಕ್ಕ ಸೀಟು ಸಿಕ್ಕರೆ ನಿಮಗೆ ಮದುವೆ ನೆನಪಾಗಬಹುದು. ನನಗೆ ಎಲೆಕ್ಟ್ರಿಕ್ ಗಿಟಾರಿನ ಅಳು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ನಮ್ಮ ಜೀವಮಾನದ ಏಕೈಕ ಆಲ್ಬಮ್ಮನ್ನು ನಾವು ರೆಕಾರ್ಡ್ ಮಾಡಿದ್ದು ಅಲ್ಲಿನ ಹೂವಿನ ವ್ಯಾಪಾರಿಯೊಬ್ಬರು ಬುಟ್ಟಿ ಇಡುವ ಕೋಣೆಯಲ್ಲಿ. ಗೋಡೆಗೆ ಗೋಣಿಚೀಲ ಕಟ್ಟಿದ್ದರಿಂದ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಒಳಗಿನ ಘಮ ಹೊರಗೆ ಹೋಗುತ್ತಿರಲಿಲ್ಲ.

ನಾವು ಎಂದರೆ ಬಾಬುಸಾಬ್ ಮಾಸ್ತರರ ಆರ್ಕೆಸ್ಟ್ರಾ. ನಾನು ಹುಟ್ಟುವ ಮೊದಲಿನಿಂದಲೂ ಕೊಟ್ಟೂರು, ಕೂಡ್ಲಿಗಿ ಕಡೆಯ ಮದುವೆಗಳಲ್ಲಿ ಗಿಟಾರ್ ಬಾರಿಸಿ ಜನರನ್ನು ಕುಣಿಸಿದವರು ಅವರು. ಡ್ರಮ್ಮಿಗೆ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಲ್ಲಪ್ಪ, ಬೇಸ್ ಗಿಟಾರಿಗೆ ನಾನು. ಬೇಸ್ ಎಂದರೆ ಸರಿಯಾಗಿ ಬಾರಿಸಿದಾಗ ಯಾರಿಗೂ ಕೇಳಿಸದ, ತಪ್ಪಿದಾಗ ಎಲ್ಲರಿಗೂ ಕೇಳಿಸುವ ವಾದ್ಯ. ನನ್ನನ್ನು ಬಹಳ ಜನ ಕೇಳಿದ್ದಾರೆ.

ಹೆಂಡತಿ ತೀರಿಕೊಂಡ ಮೇಲೆ ಮಾಸ್ತರರು ಗಿಟಾರನ್ನು ಗವಸಿನಿಂದ ಹೊರಗೇ ತೆಗೆಯಲಿಲ್ಲ. ವರ್ಷ ಕಳೆದ ಮೇಲೆ ನಮ್ಮನ್ನು ಕರೆಸಿದರು.

"ಒಂದಿಷ್ಟು ಹಾಡು ಬರದೀನಿ. ರಾಕ್ ಐತಿ, ಆದ್ರ ಕುಣಿಯಾಕ ಬರಂಗಿಲ್ಲ. ಎಲ್ಲಾ ಅಕಿ ಮ್ಯಾಲೆ."

ಮಲ್ಲಪ್ಪನಿಗೋ ನಿಧಾನವೆಂಬುದೇ ಒಗ್ಗದು. ಎರಡನೇ ಸಾಲಿಗೆ ಅವನ ಕಾಲು ಮೆರವಣಿಗೆಯ ವೇಗಕ್ಕೆ ಏರುತ್ತಿತ್ತು.

"ಲೇ ಮಲ್ಲ್ಯಾ, ಮಣ್ಣಿಗೆ ಹೊಂಟೀವಿ, ಮದಿವಿಗಲ್ಲ!" ಎಂದು ಮಾಸ್ತರರು ರೇಗುವರು.

"ರೂಢಿ ಬಿದ್ದೈತ್ರಿ ಮಾಸ್ತರ್ರ," ಎಂದು ಅವನು ಕಾಲನ್ನೇ ಬೈದುಕೊಳ್ಳುವನು.

ಹಾಡೆಲ್ಲ ಮುಗಿದಾಗ ಮೊದಲು ಕೇಳಿಸಿದ್ದು ಹರಪನಹಳ್ಳಿಯಲ್ಲಿ ನರ್ಸ್ ಆಗಿರುವ ಅವರ ಮಗಳು ಶಾಹೀನಳಿಗೆ. ಮಾಸ್ತರರು ಗೋಡೆ ನೋಡುತ್ತ ಕೂತಿದ್ದರು. ಕೇಳಿ ಮುಗಿಸಿದ ಶಾಹೀನ್ ಕಣ್ಣೊರೆಸಿಕೊಂಡಳು.

"ಭಾಳ ಚಲೋ ಅದಾವು ಅಬ್ಬಾ. ಆದ್ರ ಅಮ್ಮಿ ಎಷ್ಟು ನಗ್ತಿದ್ಲು! ಈ ಹಾಡಿನಾಗ ಇರಾಕಿ ಯಾರೋ ಬ್ಯಾರೆ ಹೆಂಗಸು."

ಮರುದಿನ ಮಾಸ್ತರರು ಕೊನೆಯ ಹಾಡನ್ನು ಮತ್ತೆ ಬಾರಿಸೋಣ ಎಂದರು. ಎಷ್ಟು ಸಲ ಬಾರಿಸಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. "ನಗು ತರಾಕ ಹೋದ್ರ ಸುಳ್ಳಾಗ್ತತಿ," ಎಂದು ಗೊಣಗಿದರು. ಕಡೆಯ ಸಲ ಎಂದು ಶುರುಮಾಡಿದೆವು. ಗಿಟಾರಿನ ಕೊನೆಯ ಸ್ವರ ಇನ್ನೂ ಕೋಣೆಯಲ್ಲಿ ನಿಂತಿತ್ತು. ಮಲ್ಲಪ್ಪನ ಸ್ಟೂಲಿನ ಕಾಲು ಮುರಿಯಿತು. ಡ್ರಮ್ಮು, ತಾಳದ ತಟ್ಟೆ ಎಲ್ಲದರ ಸಮೇತ ಅವನು ಹೂವಿನ ಬುಟ್ಟಿಗಳ ಮೇಲೆ ಬಿದ್ದ. ಮಲ್ಲಪ್ಪ ಎದ್ದ, ಮೀಸೆಯಲ್ಲೂ ಮಲ್ಲಿಗೆ. ಮಾಸ್ತರರ ಹೆಗಲು ಮೊದಲು ಕುಲುಕಿತು, ಆಮೇಲೆ ನಗು ಹೊರಬಿತ್ತು. ನಗುತ್ತ ನಗುತ್ತಲೇ ಅತ್ತರು.

"ಆ ತುಂಡು ಕತ್ತರಿಸಿಬಿಡ್ತೀನ್ರಿ," ಎಂದೆ. ರೆಕಾರ್ಡಿಂಗ್ ಲ್ಯಾಪ್‌ಟಾಪ್ ನನ್ನದೇ.

"ಬ್ಯಾಡಪ. ಅಕಿ ಇದ್ದಿದ್ರ ಇಲ್ಲೇ ನಗ್ತಿದ್ಲು. ಇರ್ಲಿ ಬಿಡು."

ಹೋದ ವರ್ಷ ನನ್ನ ಅಣ್ಣ ತೀರಿಕೊಂಡ ಮೇಲೆ ಆ ಆಲ್ಬಮ್ ಕೇಳುವ ಧೈರ್ಯ ನನಗಾಗಿರಲಿಲ್ಲ. ಇವತ್ತು ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿ ಕೊನೆಯ ಹಾಡು ಹಚ್ಚಿದೆ. ಕಣ್ಣು ತುಂಬಿಬರುವ ಹೊತ್ತಿಗೆ ಸ್ಟೂಲು ಮುರಿಯಿತು. ಎಲ್ಲರಿಗೂ ಕೇಳುವಂತೆ ನಕ್ಕುಬಿಟ್ಟೆ.

"ಏನ್ರಿ, ಕಾಮಿಡಿ ನೋಡಾಕತ್ತೀರೇನು?" ಪಕ್ಕದ ಹಿರಿಯರು ಕೇಳಿದರು.

"ಇಲ್ರಿ, ಶೋಕದ ಹಾಡು."

ಅವರು ತುಸು ಸರಿದು ಕೂತರು. ನನಗೇ ಮುಜುಗರವಾಗಿ ಇಯರ್‌ಫೋನಿನ ಒಂದು ತುದಿಯನ್ನು ಅವರಿಗೆ ಕೊಟ್ಟು, ಅದೇ ಹಾಡನ್ನು ಮತ್ತೆ ಹಚ್ಚಿದೆ. ಅವರು ಯಾವಾಗ ನಗುತ್ತಾರೋ ಎಂದು ಮುಖವನ್ನೇ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿದವರು ಸ್ಟೂಲು ಮುರಿದಾಗಲೂ ತೆರೆಯಲಿಲ್ಲ.

"ಉಳಿದ ಹಾಡೂ ಅದಾವೇನ್ರಿ?" ಎಂದರು. "ಮೊದ್ಲಿಂದ ಹಚ್ರಿ."