ಕಾಗೆ ಮುಟ್ಟಿದ ಕಥೆಗಾರ

ಸಂಗಪ್ಪ ಕಾಕಾ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹುಡುಕುತ್ತಿದ್ದುದು ಕಥೆಯನ್ನಲ್ಲ, ಬರೆದವನು ಸತ್ತ ವರ್ಷವನ್ನು. ಕನ್ನಡಕ ಹಣೆಗೇರಿಸಿ, ಪುಟವನ್ನು ಮೂಗಿನ ಹತ್ತಿರ ಹಿಡಿದು, ಆ ಅಂಕಿಯ ಮೇಲೆ ಮೆಣಸಿನಕಾಯಿಯ ಕೆಂಪು ಹತ್ತಿದ ಉಗುರು ಊರಿ, ಕಳ್ಳನನ್ನು ಹಿಡಿದವರ ಹಾಗೆ ನಗುತ್ತಿದ್ದರು.

"ಸುಳ್ಳು. ಇಂವಾ ಸತ್ತಿಲ್ಲ."

ಗಡಹಿಂಗ್ಲಜದ ಪೇಟೆಯಲ್ಲಿ ಅವರದು ಒಣಮೆಣಸಿನಕಾಯಿ ಅಂಗಡಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಆ ಓಣಿಗೆ ಬಂದಾಗ ನನ್ನ ಟ್ರಂಕಿನ ತಳದಲ್ಲಿ ನಾನು ಹಾಸ್ಟೆಲಿನಲ್ಲಿದ್ದು ಓದಿದ ಬೆಳಗಾವಿಯ ಕಾನ್ವೆಂಟಿನ ಪಠ್ಯಪುಸ್ತಕಗಳಿದ್ದವು. ಅವುಗಳಲ್ಲೊಂದರಲ್ಲಿದ್ದ ಇಂಗ್ಲಿಷ್ ನಾಟಕಕಾರನ ಚಿತ್ರವನ್ನು ಕಾಕಾ ಬಹಳ ಹೊತ್ತು ನೋಡಿ, "ಈ ಬೋಳು ಹಣಿ ನಾ ಕಂಡೇನಿ ಶಾಂತಾ. ಚಂದಗಡದ ಹಾದ್ಯಾಗ ಚಹಾದ ಅಂಗಡಿ ಇಟ್ಟಾನ. ಮರಾಠಿ ಭಾಳ ಛಲೋ ಮಾತಾಡ್ತಾನ," ಎಂದರು. ನಾನು ಬೆಚ್ಚಿದೆ. ಸತ್ತವರ ಹೆಸರು ಬಂದರೆ ನಮ್ಮ ಸಿಸ್ಟರುಗಳು ತುಟಿಯಲ್ಲೇ ಒಂದು ಪ್ರಾರ್ಥನೆ ಹೇಳಿ ಮುಂದಿನ ಮಾತಾಡುತ್ತಿದ್ದರು. ಇಲ್ಲಿ ನೋಡಿದರೆ ಮುನ್ನೂರು ವರ್ಷದ ಹಿಂದೆ ಮಣ್ಣಾದವನು ಚಹಾ ಸೋಸುತ್ತಿದ್ದಾನೆ!

ಸಂಸ್ಕೃತದ ಒಬ್ಬ ಮಹಾಕವಿ ಕೊಲ್ಹಾಪುರದ ಸ್ಟೇಷನ್ನಿನ ಹೊರಗೆ ಟಾಂಗಾ ಹೊಡೆಯುತ್ತಿದ್ದ. ಕುದುರೆಯನ್ನು ಬೈದರೂ ಛಂದಸ್ಸು ತಪ್ಪುತ್ತಿರಲಿಲ್ಲವೆಂಬುದೇ ಸಾಕ್ಷಿ. ಹಳಗನ್ನಡದ ಒಬ್ಬ ಜೈನ ಕವಿ ನಾಂದಣಿಯ ಮಠದಲ್ಲಿ ಅಡಗಿ ಕೂತು, ತನ್ನದೇ ಕಾವ್ಯದ ಪ್ರತಿಗಳಲ್ಲಿ ತಪ್ಪು ತಿದ್ದುತ್ತಿದ್ದ. ನಮ್ಮದು ಜೈನರ ಮನೆ. ನಮ್ಮ ಅತ್ತೆಯವರು ಇದನ್ನು ಕೇಳಿ ಎರಡು ದಿನ ಕಾಕಾನ ಜೊತೆ ಮಾತು ಬಿಟ್ಟಿದ್ದರು.

"ಮತ್ತ ಅವರು ಯಾಕ ಎದುರಿಗೆ ಬರಂಗಿಲ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಹ್ಯಾಂಗ ಬರ್ತಾರವ್ವಾ? ಬಾಯಿಪಾಠ ಮಾಡಿ ಮಾಡಿ ಬ್ಯಾಸತ್ತ ಸಾಲಿ ಹುಡುಗೂರು ಹಿಡದು ಬಡಿಯೂದಿಲ್ಲೇನು?"

ಇನ್ನೊಂದು ಸಾಕ್ಷಿಯೂ ಅವರ ಬಳಿ ಇತ್ತು. ಹಳೆಯ ಕವಿಗಳ ಕಾಲದ ಮುಂದೆ ಪಂಡಿತರು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರಲ್ಲ, ಅದು. "ಖರೇನ ಸತ್ತಿದ್ರ ಸಂಶೇ ಯಾಕ?"

ಕಾಕಾ ತಾವೂ ಕಥೆ ಬರೆಯುತ್ತಿದ್ದರು. ಮೂವತ್ತು ವರ್ಷದಿಂದ, ಅಂಗಡಿಯಲ್ಲಿ ಕೂತು, ಬಂದ ಲಕೋಟೆಗಳನ್ನು ಬಿಚ್ಚಿ ಒಳಮೈ ಮೇಲೆ ಬರೆಯುತ್ತಿದ್ದರು. ಕೊಲ್ಹಾಪುರದಿಂದ ಹೊರಡುತ್ತಿದ್ದ ಒಂದು ಸಣ್ಣ ಕನ್ನಡ ಮಾಸಪತ್ರಿಕೆಗೆ ಅವು ಹೋಗುತ್ತಿದ್ದವು. ಹೆಚ್ಚಿನವು ತಿರುಗಿ ಬರುತ್ತಿದ್ದವು. ಆ ಕಾಗದ ಬಿಚ್ಚಿದರೆ ಮೆಣಸಿನ ಘಾಟಿಗೆ ಸೀನು ಬರುತ್ತಿತ್ತು. ಹಾಗಾಗಿ ಸಂಪಾದಕರು ಪೂರ್ತಿ ಓದುವುದೇ ಇಲ್ಲವೆಂದು ಕಾಕಾ ನಗೆಯಾಡುತ್ತಿದ್ದರು. ಕಾಕುವಿಗೆ, ಅಂದರೆ ಅವರ ಹೆಂಡತಿಗೆ, ಓದು ಬರುತ್ತಿರಲಿಲ್ಲ. ಆದರೂ ಕಥೆ ತಿರುಗಿ ಬಂದ ದಿನ ಅವರು ಯಾರಿಗೂ ಹೇಳದೆ ರೊಟ್ಟಿಗೆ ಬೆಣ್ಣೆ ಹೆಚ್ಚು ಹಾಕುತ್ತಿದ್ದುದನ್ನು ನಾನು ನೋಡಿದ್ದೇನೆ.

ಎರಡನೆಯ ಮಹಾಯುದ್ಧ ನಡೆದ ವರ್ಷಗಳು ಅವು. ಒಂದು ಮುಂಜಾನೆ ಕಾಕಾ ಹಿತ್ತಲಲ್ಲಿ ಬರಿತಲೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಕಾಗೆಯೊಂದು ಎರಗಿ ತಲೆಗೆ ಬಡಿದು ಹೋಯಿತು. ಕಾಕುವಿನ ಕೈಯಿಂದ ತಂಬಿಗೆ ಬಿದ್ದ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಕಾಗೆ ಮುಟ್ಟಿದರೆ ಸಾವು ಹತ್ತಿರವೆಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೆ ಪರಿಹಾರವೂ ಇದೆ: ಆ ಮನುಷ್ಯ ಸತ್ತನೆಂದು ಬಳಗದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವಾಗಿ ಅತ್ತರೆ ಗಂಡಾಂತರ ಕಳೆಯಿತು. ಆಮೇಲೆ ನಿಜ ತಿಳಿಸಬೇಕು.

ಕಾಕು ಎರಡು ಕಾರ್ಡು ಹಿಡಿದು ನನ್ನ ಬಳಿ ಬಂದರು. "ನಿನ್ನ ಅಕ್ಷರಾ ಮುತ್ತಿನಂಗ ಅದಾವ ಶಾಂತಾ. ನಿಮ್ಮ ಕಾಕಾ ಹೋದ್ರು ಅಂತ ಇಚಲಕರಂಜಿಗೆ ನಮ್ಮ ಬಸಣ್ಣಗ ಬರಿ."

ಸುಳ್ಳು ಬರೆದ ಕೈಗೆ ಕಾನ್ವೆಂಟಿನಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತು. ಹಿಂದಿನಿಂದ ಕಾಕಾ ಅವಲಕ್ಕಿ ಅಗಿಯುತ್ತಲೇ, "ಬರಿ ಬರಿ. ಸತ್ತ ಮ್ಯಾಲರ ನನ್ನ ಭಾಷೆ ಶುದ್ಧ ಇರ್ಲಿ!" ಎಂದರು. ಬರೆದೆ. ಮರುದಿನ ಹಾಕಬೇಕಾದ ನಿಜದ ಕಾರ್ಡನ್ನೂ ಬರೆದಿಟ್ಟೆ.

ಬಸಣ್ಣ ಕಾಕುವಿನ ತಮ್ಮ; ಇಚಲಕರಂಜಿಯಲ್ಲಿ ಅವನ ಮಗ್ಗಗಳಿದ್ದವು. ಎರಡನೆಯ ಕಾರ್ಡು ಮುಟ್ಟುವ ಮೊದಲೇ ಅವನು ಮೋಟಾರು ಹತ್ತಿಬಿಟ್ಟಿದ್ದ. ಓಣಿಯ ತಿರುವಿನಿಂದಲೇ ಬೋರಾಡಿ ಅಳುತ್ತ ಬಂದವನು, ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಭಾವನನ್ನು ಕಂಡು ಹಾದಿಯ ನಡುವೆಯೇ ಕುಕ್ಕರಿಸಿದ.

"ಬಾರೋ ಬಸಣ್ಣಾ. ಎಷ್ಟ ಛಂದ ಅತ್ತೀಯೋ! ಇನ್ನ ನನಗ ನೂರು ವರ್ಷ ಘಟ್ಟಿ," ಎಂದರು ಕಾಕಾ.

ಬೈದಾಟ, ನಗೆ, ಮಧ್ಯಾಹ್ನಕ್ಕೆ ಹೋಳಿಗೆ. ಆ ಗದ್ದಲದಲ್ಲಿ ಬಸಣ್ಣ ಒಂದು ಮಾತು ಹೇಳಲು ಮರೆತ. ಕೊಲ್ಹಾಪುರದಲ್ಲಿ ಮೋಟಾರು ಬದಲಿಸುವಾಗ ಅವನು ಪತ್ರಿಕೆಯ ಕಚೇರಿಗೆ ಹೋಗಿ, ಸಂಪಾದಕರ ಎದುರೂ ಅತ್ತು ಬಂದಿದ್ದ.

ಮುಂದಿನ ತಿಂಗಳ ಸಂಚಿಕೆಯನ್ನು ಅಂಚೆಯವನು ನನ್ನ ಕೈಯಲ್ಲೇ ಕೊಟ್ಟ. ಬಿಚ್ಚಿದೆ. ಮೊದಲ ಪುಟದಲ್ಲಿ ದಪ್ಪ ಕಪ್ಪು ಅಂಚಿನೊಳಗೆ ಕಾಕಾನ ಭಾವಚಿತ್ರ. ಹಿಂದೊಮ್ಮೆ ಕಥೆಯ ಜೊತೆ ಕಳಿಸಿದ್ದ ಮದುವೆಯ ಫೋಟೋ ಅದು. ಉಳಿದವರನ್ನು ಕತ್ತರಿಸಿದ್ದರು, ಆದರೆ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಬಿಟ್ಟಿದ್ದವು. ಕೆಳಗೆ 'ದಿವಂಗತ' ಎಂದಿತ್ತು. ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಆ ಸಾವನ್ನು ಬರೆದ ಕೈ ನನ್ನದು.

ಕಾಕಾ ಹೆದರಲಿಲ್ಲ. ನಾಲ್ಕು ಪುಟದ ಲೇಖನವನ್ನು ನಿಂತೇ ಓದಿದರು. 'ತುಂಬಲಾರದ ಹಾನಿ', 'ನಮ್ಮ ಗಡಿಯ ನಿಜವಾದ ದನಿ'. ಅವರ ಕಥೆಗಳನ್ನು ತಿರುಗಿ ಕಳಿಸಿದವರೇ ಬರೆದದ್ದು. ಕೊನೆಯಲ್ಲಿ, ಅವರ ಕಥೆಗಳನ್ನೆಲ್ಲ ಸೇರಿಸಿ ದೀಪಾವಳಿಗೆ ಸ್ಮಾರಕ ಗ್ರಂಥವೊಂದನ್ನು ತರಲಾಗುವುದು ಎಂದಿತ್ತು.

"ಇಷ್ಟ ದೊಡ್ಡಾಂವ ಇದ್ನೇನವ್ವಾ ನಾ?" ಎಂದು ಕೇಳಿದರು. ಅವರ ಕಣ್ಣು ತುಂಬಿತ್ತು. ಮೆಣಸಿನಕಾಯಿಯಿಂದಲ್ಲ ಎಂದು ನನಗೆ ತಿಳಿಯಿತು.

ಪೇಟೆಯಲ್ಲಿ ಒಂದು ದಿನ ಚೇಷ್ಟೆ ನಡೆಯಿತು. "ಸಂಗಪ್ಪಣ್ಣಾ, ಸತ್ತ ಮ್ಯಾಲೂ ತೂಕಾ ಬರೋಬರ ಹಾಕ್ತೀಯಲ್ಲೋ!" ಕಾಕಾ ಎಲ್ಲರಿಗೂ ಕೈ ಮುಗಿದರು. "ದೀಪಾವಳಿ ತನಕಾ ಸುಮ್ಕಿದ್ರಾತು," ಎಂದು ಮೆಲ್ಲಗೆ ನನ್ನ ಮುಂದೆ ಹೇಳಿದರು. "ಪುಸ್ತಕಾ ಬರ್ಲಿ, ಆಮ್ಯಾಲೆ ಬದುಕಿದ್ರಾತು."

ಮೂರನೆಯ ದಿನ ಚಂದಗಡದಿಂದ ಕಾಕುವಿನ ತವರಿನ ಕಡೆಯ ಮುದುಕಿಯೊಬ್ಬಳು ಬಂದಳು. ಯಾರೋ ಪತ್ರಿಕೆ ಓದಿ ಹೇಳಿದ್ದರಂತೆ. ಹೊಸ್ತಿಲ ಹೊರಗೇ ನಿಂತು ಅಳತೊಡಗಿದಳು. ಅವಳ ಬಗಲಲ್ಲಿ ಗಂಟಿತ್ತು. ಗಂಟಿನ ಬಾಯಿಂದ ಹೊಸ ಬಿಳಿ ಸೀರೆಯ ಅಂಚು ಇಣುಕುತ್ತಿತ್ತು. ಗಂಡ ಸತ್ತವಳಿಗೆ ತವರಿನಿಂದ ತರುವ ಸೀರೆ.

ಕಾಕು ಅದನ್ನು ನೋಡಿದರು. ಅವರ ಕೈ ತಾನಾಗಿ ಹಣೆಯ ಕುಂಕುಮಕ್ಕೆ ಹೋಯಿತು. ಮುದುಕಿಯನ್ನು ಸಮಾಧಾನ ಮಾಡಿ, ಉಣಿಸಿ, ಸೀರೆ ಸಮೇತ ಕಳಿಸಿದ ಮೇಲೆ ಗಂಡನೆದುರು ನಿಂತರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಿಮ್ಮ ಪುಸ್ತಕಾ ಬರೂತನಕಾ ನಾ ಮುಂಡಿ ಆಗಿ ಕುಂಡರ್ಲೇನು?"

"ಬರೇ ಕಾಗದದ ಮ್ಯಾಲ ಸತ್ತೇನಲ್ಲ…"

"ಸುಳ್ಳ ಸಾವು ಒಂದ ದಿನದ್ದು. ದಿನಾ ದಿನಾ ಸಾಯಿಸಿದ್ರ ಅದು ಖರೇನ ಆಗತೈತಿ. ನಡೀರಿ ಕೊಲ್ಹಾಪುರಕ್ಕ."

ಕಾಕುವಿಗೆ ಓದಿ ಹೇಳಲು ಗಂಡನಲ್ಲದೆ ಇನ್ನೊಬ್ಬರು ಬೇಕಿತ್ತು. ನನ್ನ ತವರೂ ಕೊಲ್ಹಾಪುರವೇ. ಮೂವರೂ ಹೋದೆವು. ಪೆಟ್ರೋಲು ಸಿಗದ್ದರಿಂದ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರು ದಾರಿಯುದ್ದಕ್ಕೂ ಕೆಮ್ಮಿತು. ಕಾಕಾನ ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕಥೆಗಳ ಗಂಟಿತ್ತು. ಅದನ್ನೇಕೆ ತಂದರೆಂದು ನಾವು ಯಾರೂ ಕೇಳಲಿಲ್ಲ.

ಛಾಪಖಾನೆಯ ಮೂಲೆಯ ಮೇಜಿನಲ್ಲಿ ಸಂಪಾದಕರು ಕೂತಿದ್ದರು. ಕಾಕಾ ನಮಸ್ಕಾರ ಎಂದಾಗ ತಲೆಯೆತ್ತಿದರು. ಅವರ ಮುಖದ ಬಣ್ಣ ಇಳಿಯಿತು. ತಕ್ಷಣ ಬಗ್ಗಿ ಮೇಜಿನ ಕೆಳಗಿನಿಂದ ಕಾಕಾನ ಕಾಲು ನೋಡಿದರು, ದೆವ್ವದ್ದರ ಹಾಗೆ ಪಾದ ಹಿಂದು ಮುಂದಾಗಿದೆಯೇನೋ ಎಂದು. ಅಷ್ಟು ಓದಿದ ಮನುಷ್ಯ! ನನಗೆ ನಗೆ ಬರಬೇಕಿತ್ತು, ಬರಲಿಲ್ಲ.

ಕಾಗೆಯ ವಿಷಯ ಕೇಳಿದ ಮೇಲೆ ಅವರು ನೀರು ಕುಡಿದರು. ಆಮೇಲೆ ಮೃದುವಾಗಿ ಹೇಳಿದರು: "ಹೇ ಪಾಹಾ, ನೋಡ್ರಿ ಸಂಗಪ್ಪಣ್ಣಾ, ಯುದ್ಧದ ಕಾಲ. ಕಾಗದಕ್ಕ ಪರ್ಮಿಟ್ ಬೇಕು. ಸ್ಮಾರಕ ಗ್ರಂಥ ಅಂತ ಹೇಳಿ, ಅತ್ತು ಕರದು ತಂದೇನಿ. ಜೀವಂತ ಲೇಖಕರಿಗೆ ನನ್ನ ಹಂತೇಲಿ ಕಾಗದಿಲ್ಲ. ದೀಪಾವಳಿ ತನಕಾ ಸುಮ್ಕಿರ್ರಿ. ಬದುಕೇನಿ ಅಂದ್ರ ಪುಸ್ತಕ ಇಲ್ಲ."

ಮೇಜಿನ ಮೇಲೆ ಗ್ರಂಥದ ಮೊದಲ ಹಾಳೆ ಆಗಷ್ಟೇ ಅಚ್ಚಾಗಿ ಬಂದಿತ್ತು, ಮಸಿ ಇನ್ನೂ ಹಸಿ. ಕಾಕಾ ಅದರ ಮೇಲೆ ಬಾಗಿದರು. ತಮ್ಮ ಹೆಸರಿನ ಮೇಲೆ, ಮುಟ್ಟದೆ, ಬೆರಳು ಆಡಿಸಿದರು. ಅವರು ಒಪ್ಪಿಬಿಡುತ್ತಾರೆಂದು ನನಗೆ ಅನಿಸಿತು. ಮೂವತ್ತು ವರ್ಷ ಕಾದವರು.

ಕಾಕು ಜಗಳ ಮಾಡಲಿಲ್ಲ. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ನನ್ನನ್ನು ಕೇಳಿದರು, "ಅವರು ಇಲ್ಲಾ ಅಂತ ಹೇಳೂದು ಯಾವ ಅಕ್ಷರಾ, ತೋರಸವ್ವಾ."

ನಾನು ತೋರಿಸಿದೆ. ಕಾಕು ಹೆಬ್ಬೆರಳಿನಿಂದ ಅದನ್ನು ತಿಕ್ಕಿದರು. ಮಗುವಿನ ಕೆನ್ನೆಯ ಕಾಡಿಗೆ ಒರೆಸಿದಷ್ಟೇ ಮೆಲ್ಲಗೆ. ಹಾಳೆ ಹರಿಯಲಿಲ್ಲ, ಶಬ್ದ ಮಾತ್ರ ಕರಿ ಮೋಡವಾಯಿತು. ಮೇಲಿದ್ದ ಗಂಡನ ಹೆಸರಿಗೆ ಮಸಿ ತಗುಲದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದಿದ್ದರು.

ಕಾಕಾ ಆ ಎರಡು ಕೈಗಳನ್ನು ನೋಡಿದರು. ಕಥೆಗಳ ಗಂಟನ್ನು ಬಗಲಿಗೆ ಸೇರಿಸಿಕೊಂಡು, "ಬರಕೋರಿ ರಾಯರ," ಎಂದರು. "ಸಂಗಪ್ಪ ಬದಕ್ಯಾನ."

ತಿರುಗಿ ಬರುವಾಗ ಕಾಗಲ ಊರು ದಾಟಿದ ಮೇಲೆ ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ, "ಎಷ್ಟ ಮಂದಿ ದೊಡ್ಡವರನ್ನ ಬಾಯಿಲೇ ಬದುಕಿಸಿದೆ ಶಾಂತಾ. ಇದು ಇಷ್ಟ ತ್ರಾಸಿಂದು ಅಂತ ಗೊತ್ತಿರ್ಲಿಲ್ಲ," ಎಂದರು. ಕಾಕು ಅವರ ಧೋತರದ ಮೇಲೆ ಬಿದ್ದ ಇದ್ದಿಲ ಪುಡಿ ಕೊಡವಿದರು.

ಮುಂದಿನ ಸಂಚಿಕೆಯ ಕೊನೆಯ ಪುಟದ ಅಡಿಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಪುಸ್ತಕ ಬರಲಿಲ್ಲ. ಪತ್ರಿಕೆಯವರನ್ನು ನೋಡಿ ಊರೆಲ್ಲ ನಕ್ಕಿತಂತೆ. ಆಮೇಲೆ ಅವರು ಕಾಕಾನ ಒಂದು ಕಥೆಯನ್ನೂ ಹಾಕಲಿಲ್ಲ. ಕಾಕಾ ಬರೆಯುವುದು ಬಿಡಲಿಲ್ಲ, ಕಳಿಸುವುದು ಬಿಟ್ಟರು. ಹೊಸ ಕಥೆಯನ್ನು ಊಟದ ನಂತರ ಕಾಕುವಿಗೆ ಓದಿ ಹೇಳುತ್ತಿದ್ದರು. ಗೋಡೆಯ ಈಚೆ ನನಗೂ ಕೇಳುತ್ತಿತ್ತು.

ಯುದ್ಧ ಮುಗಿದ ಮರುವರ್ಷ, ಮೆಣಸಿನಕಾಯಿಯ ಸುಗ್ಗಿಯಲ್ಲಿ, ಮೂರು ದಿನದ ಜ್ವರಕ್ಕೆ ಕಾಕಾ ಹೋದರು. ಈ ಸಲ ಯಾರೂ ನನಗೆ ಬರೆಯಲು ಹೇಳಲಿಲ್ಲ. ಹದಿನೈದು ದಿನದ ಮೇಲೆ ನಾನೇ ಪತ್ರಿಕೆಗೆ ಒಂದು ಕಾರ್ಡು ಹಾಕಿದೆ. ನಾಲ್ಕು ಪುಟವಲ್ಲದಿದ್ದರೂ ನಾಲ್ಕು ಸಾಲು ಬರಲಿ ಎಂಬ ಆಸೆ.

ಉತ್ತರ ಬೇಗನೆ ಬಂತು. 'ಒಮ್ಮೆ ಮೋಸಹೋದೆವು, ಇನ್ನೊಮ್ಮೆ ಹೋಗಲಾರೆವು. ಶ್ರೀ ಸಂಗಪ್ಪನವರಿಗೆ ನಮ್ಮ ನಮಸ್ಕಾರ ತಿಳಿಸಿರಿ. ಸಿಟ್ಟು ಮರೆತಿದ್ದೇವೆ. ಈಗ ಕಾಗದ ಸಿಗುತ್ತಿದೆ. ದೀಪಾವಳಿ ಸಂಚಿಕೆಗೆ ಒಂದು ಕಥೆ ಅವಶ್ಯ ಕಳಿಸಲಿ.'

ಅದನ್ನು ಹಿಡಿದು ಕಾಕುವಿನ ಬಳಿ ಹೋದೆ. ಅವರು ಬರಿ ಹಣೆಯಲ್ಲಿ, ಬರಿ ಕೈಯಲ್ಲಿ, ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದರು. ಓದಿ ಹೇಳಿದೆ. ಡಾಕ್ಟರರ ಸಹಿ ಮಾಡಿಸಿ ಮತ್ತೆ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ ಎಂದೆ.

"ಅಂದ್ರ ಅವರ ಲೆಕ್ಕದಾಗ ಇನ್ನೂ ಅದಾರ?"

"ಹೌದ್ರಿ ಕಾಕು."

ಕಾಕು ಕೈಯನ್ನು ಸೆರಗಿಗೆ ಒರೆಸಿ ಕಾರ್ಡು ಇಸಿದುಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಹೋಗಿ ಗೋಡೆಯ ಮಾಡದಲ್ಲಿದ್ದ ಕಥೆಗಳ ಗಂಟು ಬಿಚ್ಚಿ, ಮೇಲಿನದೊಂದನ್ನು ತಂದು ನನ್ನ ಕೈಗಿಟ್ಟರು.

"ಡಾಕ್ಟರ್‌ನ ಸಹಿ ಬ್ಯಾಡ," ಎಂದರು. "ಇದನ್ನ ನಿನ್ನ ಅಕ್ಷರದಾಗ ಛಂದಂಗ ನಕಲು ತಗದು ಕಳಸು. ಒಂದ ಒಂದ ಕಳಸೂಣು. ಗಂಟು ದೊಡ್ಡದೈತಿ."